ಟೈರು ಎಷ್ಟು ಗಟ್ಟಿ

ವರ್ಕ್‌ಶಾಪಿನ ಹಿಂಬಾಗಿಲ ಆಚೆ ಒಂದು ಬೆಂಚು ಇತ್ತು. ಎರಡು ಕಡೆ ಸಿಮೆಂಟ್ ಇಟ್ಟಿಗೆ ಪೇರಿಸಿ ಮೇಲೊಂದು ಉದ್ದನೆಯ ಹಲಗೆ ಹಾಕಿದ್ದರು, ಅಷ್ಟೇ. ಎದುರಿಗೆ ಗೋಡೆ. ಗೋಡೆಯಾಚೆ ರೇಸ್ ಕಾರುಗಳು ಓಡುವ ಟ್ರ್ಯಾಕು. ಭಾನುವಾರದ ಅಭ್ಯಾಸದ ಹೊತ್ತಿನಲ್ಲಿ ಆ ಕಡೆಯಿಂದ ಸದ್ದು ಬರುತ್ತಿತ್ತು, ದೂರ ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಸದ್ದು ಪೂರ್ತಿ ನಿಂತ ಸ್ವಲ್ಪ ಹೊತ್ತಿಗೆ ಟೀಚರಮ್ಮ ಹೆಲ್ಮೆಟನ್ನು ಕಂಕುಳಲ್ಲಿ ಇರುಕಿಕೊಂಡು, ಹಣೆಗೆ ಅಂಟಿದ ಕೂದಲನ್ನು ಹಿಂದಕ್ಕೆ ತಳ್ಳುತ್ತ ಬಂದು ಹಲಗೆಯ ನಡುಮಧ್ಯೆ ಧೊಪ್ಪೆಂದು ಕೂರುತ್ತಿದ್ದಳು.

ಅವಳು ಶಾಲೆಯ ಟೀಚರಲ್ಲ. ವಾರವಿಡೀ ಡ್ರೈವಿಂಗ್ ಸ್ಕೂಲಿನಲ್ಲಿ ಹೊಸಬರ ಪಕ್ಕ ಕೂತು ‘ನಿಧಾನ, ನಿಧಾನ’ ಎನ್ನುವುದು ಅವಳ ಕೆಲಸ. ಭಾನುವಾರ ಮಾತ್ರ ವರ್ಕ್‌ಶಾಪಿನ ರೇಸ್ ಕಾರಿನಲ್ಲಿ ತಾನೇ ಸ್ಟೀರಿಂಗ್ ಹಿಡಿದು ಆ ಪಾಠವನ್ನು ಮರೆಯುತ್ತಿದ್ದಳು.

ಬೆಂಚಿನ ತುದಿಯಲ್ಲಿ ವರ್ಕ್‌ಶಾಪಿನ ಅಕ್ಕ ಆಗಲೇ ಬಂದು ಕೂತಿರುತ್ತಿದ್ದಳು. ಪಕ್ಕದಲ್ಲಿ ಎರಡು ಲೋಟ ಚಹಾ.

“ಹೇಳು,” ಎನ್ನುತ್ತಿದ್ದಳು.

“ಏನಂತ ಹೇಳ್ಲಿ ಅಕ್ಕ. ಕೊನೇ ತಿರುವಲ್ಲಿ ಮತ್ತೆ ಅದೇ. ಕಪ್ಪೆ ಥರ ಕುಪ್ಪಳಿಸುತ್ತೆ.”

“ಮುಂದಿನ ಚಕ್ರಾನಾ, ಹಿಂದಿಂದಾ?”

“ಹಿಂದಿಂದು. ಹೊರಗಡೇದು.”

“ಮೇಲೆ ಹಾರೋವಾಗ ಜಾರುತ್ತಾ, ಕೆಳಗೆ ಇಳಿಯೋವಾಗ್ಲಾ?”

ಟೀಚರಮ್ಮ ಕಣ್ಣು ಮುಚ್ಚುತ್ತಿದ್ದಳು. ಎರಡೂ ಕೈಗಳು ಅಲ್ಲಿಲ್ಲದ ಸ್ಟೀರಿಂಗನ್ನು ಹಿಡಿದು ನಿಧಾನವಾಗಿ ತಿರುಗುತ್ತಿದ್ದವು. “ಇಳಿಯೋವಾಗ. ಕತ್ಲೇಲಿ ಇನ್ನೊಂದು ಮೆಟ್ಲಿದೆ ಅಂತ ಕಾಲಿಡ್ತೀವಲ್ಲ, ಅಲ್ಲಿ ಇರೋದೇ ಇಲ್ಲ ನೋಡಿ, ಹಾಗೆ. ಹೊಟ್ಟೇಲಿ ಒಂಥರಾ ಖಾಲಿ ಆಗುತ್ತೆ.”

ಅಕ್ಕ ಆ ಮಾತನ್ನು ಬಾಯೊಳಗೇ ಒಮ್ಮೆ ಹೇಳಿಕೊಳ್ಳುತ್ತಿದ್ದಳು. ಆಮೇಲೆ ಮುಂದಿನ ಪ್ರಶ್ನೆ. ಬ್ರೇಕು ಒತ್ತುವಾಗ ಕಾರಿನ ಮೂಗು ಎಷ್ಟು ಬಗ್ಗುತ್ತೆ, ಬಿಸಿಯಾದ ಮೇಲೆ ಬೇರೆ ಅನ್ನಿಸುತ್ತಾ. ಹೀಗೆ ಒಂದು ಗಂಟೆ ಕಳೆದದ್ದು ಇಬ್ಬರಿಗೂ ತಿಳಿಯುತ್ತಿರಲಿಲ್ಲ, ಟೀಚರಮ್ಮನ ಗಂಡನ ಫೋನು ಬರುವ ತನಕ.

“ಊಟಕ್ಕೆ ಬರ್ತೀಯೋ, ಅಲ್ಲೇ ಟೈರು ತಿಂತೀಯೋ ಅಂತ ಕೇಳ್ತಿದಾರೆ,” ಎಂದು ಟೀಚರಮ್ಮ ಫೋನಿಗೆ ಕೈ ಅಡ್ಡ ಹಿಡಿದು ಹೇಳಿದರೆ, “ಉಪ್ಪುಖಾರ ಹಾಕಿ ಕೊಡ್ತಿದೀನಿ ಅನ್ನು,” ಎನ್ನುತ್ತಿದ್ದಳು ಅಕ್ಕ. ಆದರೂ ಟೀಚರಮ್ಮ ಎದ್ದಾಗ ಅಕ್ಕನ ಕೈ ತನ್ನಷ್ಟಕ್ಕೆ ಹಲಗೆಯನ್ನು ಒಮ್ಮೆ ಸವರುತ್ತಿತ್ತು.

ಅಕ್ಕನನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ವರ್ಕ್‌ಶಾಪಿನಲ್ಲಿ ಎಲ್ಲರಿಗೂ ಅಳತೆ ಅಕ್ಕ. ಚಕ್ರಗಳ ಓರೆ, ನಾಲ್ಕು ಮೂಲೆಯ ತೂಕ, ನೆಲದಿಂದ ಕಾರಿನ ಎತ್ತರ, ಇವೆಲ್ಲ ಅವಳ ಕೈಯಿಂದಲೇ ಆಗಬೇಕು. ಅಳತೆ ಅವಳಿಗೆ ಮನೆಯಲ್ಲೇ ಬಂದದ್ದು. ಅಪ್ಪ ಅಂಗಡಿ ಅಂಗಡಿ ತಿರುಗಿ ತಕ್ಕಡಿ ರಿಪೇರಿ ಮಾಡುತ್ತಿದ್ದವನು. ತೂಕದ ಬಟ್ಟುಗಳ ಪೆಟ್ಟಿಗೆಯ ಒಂದು ಹಿಡಿಯನ್ನು ಅವನು ಹಿಡಿದರೆ ಇನ್ನೊಂದನ್ನು ಮಗಳು. ಯಾವ ಅಂಗಡಿಗೆ ಹೋದರೂ ಅಪ್ಪ ಮೊದಲು ಮಾಡುತ್ತಿದ್ದ ಕೆಲಸ ಒಂದೇ: ತಟ್ಟೆಗಳನ್ನು ಒರೆಸಿ, ಏನೂ ಇಡದೆ, ಮುಳ್ಳು ಎಲ್ಲಿ ನಿಲ್ಲುತ್ತದೆ ಎಂದು ನೋಡುವುದು. ಅಂಗಡಿಯವರು ಬೇಸರದಿಂದ ಆಕಳಿಸುತ್ತಿದ್ದರು. ಅಪ್ಪನಿಗೆ ಅವಸರವಿರಲಿಲ್ಲ.

ಮದುವೆಯ ಮಾತು ಒಂದೆರಡು ಸಲ ಬಾಗಿಲ ತನಕ ಬಂದು ಚಪ್ಪಲಿಯನ್ನೂ ಬಿಡದೆ ಹಿಂದಿರುಗಿತ್ತು. ಆಮೇಲೆ ಅಮ್ಮನ ಕಾಯಿಲೆ. ಅದು ಮುಗಿಯುವ ಹೊತ್ತಿಗೆ ಕೇಳುವವರೂ ಇರಲಿಲ್ಲ, ಹೇಳುವವರೂ ಇರಲಿಲ್ಲ. ಒಬ್ಬ ತಮ್ಮ ಇದ್ದ, ದೂರದಲ್ಲಿ. ಆಗಾಗ ಫೋನು ಮಾಡುತ್ತಿದ್ದ. “ಊಟ ಆಯ್ತಾ? ಹುಷಾರಾಗಿದೀಯಾ?” ಅವಳು “ಆಯ್ತು, ಇದೀನಿ,” ಎನ್ನುತ್ತಿದ್ದಳು. ಅವನು ಒಳ್ಳೆಯವನೇ. ಆದರೆ ಆ ಎರಡು ಪ್ರಶ್ನೆಗಳಾಚೆ ಇಬ್ಬರಿಗೂ ದಾರಿ ಗೊತ್ತಿರಲಿಲ್ಲ.

ಅವಳ ಕೋಣೆ ಟೈಲರ್ ಅಂಗಡಿಯ ಮೇಲಿತ್ತು. ಹಗಲೆಲ್ಲ ಹೊಲಿಗೆ ಯಂತ್ರದ ಸದ್ದು ನೆಲದ ಮೂಲಕ ಅಂಗಾಲಿಗೆ ತಾಗುತ್ತಿತ್ತು. ರಜೆಯ ದಿನ ಅದು ನಿಂತಾಗಲೇ ಅದು ಇದ್ದದ್ದು ತಿಳಿಯುತ್ತಿತ್ತು. ಕೆಲವು ದಿನ ಕೆಲಸ ಮುಗಿಸಿ ಬರುತ್ತ ಅಂಗಡಿಯಲ್ಲಿ ಸೋಪು ಕೇಳುವಾಗ ಅವಳ ದನಿ ಒಡೆದು ಬರುತ್ತಿತ್ತು. ಒಮ್ಮೆ ಕೆಮ್ಮಿ ಮತ್ತೆ ಕೇಳಬೇಕಾಗುತ್ತಿತ್ತು. ಬೆಳಗಿನಿಂದ ವರ್ಕ್‌ಶಾಪಿನಲ್ಲಿ ಅವಳು ಆಡಿದ್ದೆಲ್ಲ ಬರೀ ಅಂಕಿಗಳು. ಮಾತು ಎಂದರೆ ಭಾನುವಾರದ ಬೆಂಚು.

ಕಾರಿನ ಕುಪ್ಪಳಿಕೆಗೆ ಕಾರಣ ಅವಳಿಗೆ ಅರ್ಧ ಗೊತ್ತಿತ್ತು. ಕಾರಿಗೆ ಸ್ಪ್ರಿಂಗ್ ಒಂದೇ ಇರುವಂತೆ ಕಾಣುತ್ತದೆ, ನಿಜವಾಗಿ ಎರಡಿವೆ. ಒಂದು ಉಕ್ಕಿನದು, ನಾವೇ ಆರಿಸಿ ಹಾಕುವಂಥದ್ದು. ಇನ್ನೊಂದು ಟೈರೇ. ಗಾಳಿ ತುಂಬಿದ ರಬ್ಬರು, ಅದೂ ಅಮುಕುತ್ತದೆ, ಪುಟಿಯುತ್ತದೆ. ಸ್ಪ್ರಿಂಗ್ ಮಂಚದ ಮೇಲೆ ಹಾಸಿಗೆ ಹಾಕಿದಂತೆ. ಹಾಸಿಗೆ ಎಷ್ಟು ಮೆತ್ತಗಿದೆ ಎಂದು ತಿಳಿಯದೆ ಮಂಚಕ್ಕೆ ಎಂಥ ಸ್ಪ್ರಿಂಗ್ ಬೇಕೆಂದು ಹೇಳುವುದು ಹೇಗೆ? ಇಷ್ಟು ಭಾರ ಹಾಕಿದರೆ ಟೈರು ಇಷ್ಟು ಕುಗ್ಗುತ್ತದೆ ಎಂಬ ಒಂದು ಅಂಕಿ ಅವಳಿಗೆ ಬೇಕಿತ್ತು. ಅದು ಎಲ್ಲೂ ಸಿಗುತ್ತಿರಲಿಲ್ಲ.

ಟೈರಿನ ಕಂಪನಿಗೆ ಫೋನು ಮಾಡಿದ್ದಳು. ಅತ್ತ ಕಡೆಯವನು ತುಂಬ ಮರ್ಯಾದೆಯಿಂದ, “ಆ ಮಾಹಿತಿ ಹೊರಗೆ ಕೊಡಲ್ಲ ಮೇಡಂ,” ಎಂದಿದ್ದ. ಯಾರಿಗೂ ಕೊಡುವುದಿಲ್ಲವೇ ಎಂದು ಕೇಳಿದ್ದಕ್ಕೆ, “ದೊಡ್ಡ ಟೀಮುಗಳಿಗೆ ಕೊಡ್ತೀವಿ,” ಎಂದು, ತಾನು ಹೇಳಿದ್ದು ತನಗೇ ಕೇಳಿಸಿದಂತಾಗಿ ಅವಸರದಲ್ಲಿ ಫೋನಿಟ್ಟ. ಇಂಟರ್ನೆಟ್ಟಿನಲ್ಲಿ ಹುಡುಕಿದಳು. ಯಾರೋ ಎಲ್ಲಿಯೋ ಅಳೆದ ಅಂಕಿಗಳು ಸಿಕ್ಕವು, ಬೇರೆ ಅಗಲದ ಟೈರು, ಬೇರೆ ಗಾಳಿ. ಒಂದು ಕಡೆ ಇದೇ ಟೈರಿನ ನಕ್ಷೆಯ ಫೋಟೋ ಇತ್ತು. ತೆಗೆದವನ ಹೆಬ್ಬೆರಳು ಬೇಕಾದ ಜಾಗವನ್ನೇ ಮುಚ್ಚಿತ್ತು. ಆ ಹೆಬ್ಬೆರಳನ್ನು ಅವಳು ಬಹಳ ಹೊತ್ತು ನೋಡಿದಳು.

“ಕೊಡದಿದ್ರೆ ಬಿಡಿ ಅಕ್ಕ, ನಾವೇ ಅಳೆಯೋಣ,” ಎಂದಳು ಟೀಚರಮ್ಮ.

“ನಾವೇ ಅಂದ್ರೆ?”

“ನಾವೇ ಅಂದ್ರೆ ನೀವು. ನಾನು ಪಕ್ಕದಲ್ಲಿ ನಿಂತು ನಿಧಾನ, ನಿಧಾನ ಅಂತೀನಿ.”

ಹಾಗೆ ಆ ಚೌಕಟ್ಟು ಹುಟ್ಟಿತು. ಲಾರಿಗೆ ಸಾಮಾನು ಏರಿಸುವ ಹಳೆಯ ಇಳಿಜಾರು ಹಲಗೆಯ ಕಬ್ಬಿಣದ ಪಟ್ಟಿಗಳನ್ನು ಗುಜರಿಯಿಂದ ಆರಿಸಿ ತಂದರು. ಎಲ್ಲರೂ ಕಿಡಿ ಮಾವ ಎಂದು ಕರೆಯುವ ವೆಲ್ಡಿಂಗ್ ಮುದುಕ ಗೊಣಗುತ್ತಲೇ ಬೆಸೆದ. ಎರಡು ಕಂಬ, ಮೇಲೊಂದು ಅಡ್ಡಪಟ್ಟಿ. ಅಡ್ಡಪಟ್ಟಿಯ ಕೆಳಗೆ ಚಕ್ರವನ್ನು ಅಲುಗದಂತೆ ಬಿಗಿಯುವುದು, ಕೆಳಗಿನಿಂದ ತೂಕದ ಯಂತ್ರವಿಟ್ಟ ಹಲಗೆಯನ್ನು ಜ್ಯಾಕಿನಿಂದ ಎತ್ತಿ ಟೈರಿಗೆ ಒತ್ತುವುದು. ನೆಲದ ಮೇಲೆ ನಿಲ್ಲಿಸಿದ ಡಯಲ್ ಗೇಜಿನ ಮುಳ್ಳು, ಹಲಗೆ ಎಷ್ಟು ಮೇಲೆ ಬಂತು ಎಂದು ತೋರಿಸುವುದು. ಎಷ್ಟು ಮೇಲೆ ಬಂತೋ ಟೈರು ಅಷ್ಟು ಕುಗ್ಗಿತು.

ಆ ಕೆಲಸಕ್ಕಾಗಿ ಟೀಚರಮ್ಮ ಶನಿವಾರವೂ ಬರತೊಡಗಿದಳು. ಬೆಸುಗೆ ಹಾಕುವಾಗ ಪಟ್ಟಿ ಹಿಡಿಯುವವಳು ಅವಳೇ. “ಅಲುಗಾಡಬೇಡ ಕಣೇ, ನಿನ್ ಕಾರಿನ ಕುಣಿತ ನಿಂಗೂ ಅಂಟ್ಕೊಂಡಿದೆ,” ಎಂದು ಕಿಡಿ ಮಾವ ಗದರುತ್ತಿದ್ದ. ಆಮೇಲೆ ಅಕ್ಕ ಜ್ಯಾಕು ಒತ್ತಿದಂತೆ ಟೀಚರಮ್ಮ ಮುಳ್ಳು ಓದುವಳು, ಅಕ್ಕ ಸ್ಟೋರಿನ ಕಬ್ಬಿಣದ ಬೀರುವಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯುವಳು. ಬೀರುವಿನ ಒಂದು ಬಾಗಿಲು ತುಂಬಿ ಇನ್ನೊಂದಕ್ಕೆ ಹೋಯಿತು. ಕೋಣೆಗೆ ಮರಳುವ ದಾರಿಯಲ್ಲಿ ಅಕ್ಕನ ಅಂಗೈಯಲ್ಲಿ ಬಿಳಿ ಪುಡಿ ಉಳಿದಿರುತ್ತಿತ್ತು. ಅದನ್ನು ಅವಳು ಅವಸರದಿಂದ ತೊಳೆಯುತ್ತಿರಲಿಲ್ಲ.

ಟೈರು ತುಂಬ ಮೆತ್ತಗಿದೆ ಎಂದವು ಅಂಕಿಗಳು. ಹಾಸಿಗೆ ಇಷ್ಟು ಮೆತ್ತಗಿದ್ದರೆ ಮಂಚ ಗಟ್ಟಿಯಾಗಲೇಬೇಕು. ಅಕ್ಕ ಲೆಕ್ಕ ಮಾಡಿ ಗಡಸು ಸ್ಪ್ರಿಂಗ್ ಹಾಕಿದಳು.

ಆ ಭಾನುವಾರ ಅವಳು ಬೆಂಚಿನಲ್ಲಿ ಕೂತು ಗೋಡೆಯಾಚೆಯ ಸದ್ದು ಕೇಳುತ್ತಿದ್ದಳು. ಕೊನೆಯ ತಿರುವಿನಲ್ಲಿ ಸದ್ದು ತುಂಡು ತುಂಡಾಯಿತು. ಆಮೇಲೆ ಟೈರು ಕಿರುಚಿದ್ದು. ಆಮೇಲೆ ಏನೂ ಇಲ್ಲ. ಅವಳು ಎದ್ದು ಓಡಿದಳು, ಚಹಾದ ಲೋಟ ಕೈ ತಾಗಿ ಬಿತ್ತು. ಕಾರು ಗಿರಕಿ ಹೊಡೆದು ಟ್ರ್ಯಾಕಿನ ಅಂಚಿನ ಮರಳಿನಲ್ಲಿ ಹೂತು ನಿಂತಿತ್ತು. ಟೀಚರಮ್ಮ ತಾನೇ ಇಳಿದು ಬಂದಳು. ಹೆಲ್ಮೆಟಿನ ಪಟ್ಟಿ ಬಿಚ್ಚಲು ಅವಳ ಬೆರಳುಗಳಿಗೆ ಆಗುತ್ತಿರಲಿಲ್ಲ. ಅಕ್ಕ ಬಿಚ್ಚಿದಳು.

“ಮುಂಚೆಗಿಂತ ಜಾಸ್ತಿ ಅಕ್ಕ,” ಎಂದಳು ಟೀಚರಮ್ಮ.

ವರ್ಕ್‌ಶಾಪಿನ ಯಜಮಾನ ಕೆಟ್ಟವನಲ್ಲ. ಬೈಯುವಾಗಲೂ ಎದುರಿಗಿದ್ದವರ ಮುಖ ನೋಡದೆ ಕಾರಿನ ಮುಖ ನೋಡಿ ಬೈಯುತ್ತಿದ್ದ. “ಇನ್ನು ಉಳಿದಿರೋದು ಕಡೇ ರೇಸು. ಅಷ್ಟರೊಳಗೆ ಇದು ನೆಟ್ಟಗಾಗ್ಲಿಲ್ಲ ಅಂದ್ರೆ ಹೊರಗಿಂದ ಒಬ್ಬರನ್ನ ಕರೆಸ್ತೀನಿ. ನೀನು ಸ್ಟೋರ್ ನೋಡ್ಕೊಳಮ್ಮ. ತಪ್ಪು ತಿಳ್ಕೋಬೇಡ. ಓಡಿಸೋ ಆ ಮಗೂಗೆ ಏನಾದ್ರೂ ಆದ್ರೆ ನಾನು ಯಾರಿಗೆ ಮುಖ ತೋರಿಸ್ಲಿ?”

ತಪ್ಪು ತಿಳಿಯಲು ಅದರಲ್ಲಿ ಏನೂ ಇರಲಿಲ್ಲ. ಸ್ಟೋರಿನಲ್ಲಿ ಕಿಟಕಿ ಇಲ್ಲ. ಬರುವವನು ಅವಳ ಜಾಗದಲ್ಲಿ ಕೂತು, ಟೀಚರಮ್ಮ ಕಣ್ಣು ಮುಚ್ಚಿ ಹೇಳುವುದನ್ನು ಕೇಳಿಸಿಕೊಳ್ಳುತ್ತಾನೆ. ಒಳಗಿನ ಬೋಲ್ಟುಗಳ ಡಬ್ಬಿಗಳ ನಡುವೆ ನಿಂತು ಅಕ್ಕ ಅದನ್ನು ಕಲ್ಪಿಸಿಕೊಂಡಳು. ಅಳತೆಯ ಕೆಲಸ ಕಳೆದುಕೊಳ್ಳುವುದಕ್ಕಿಂತ ಅದೇ ಹೆಚ್ಚು ತಣ್ಣಗೆ ತಾಗಿತು.

ಮುಂದಿನ ಶನಿವಾರ ಟೀಚರಮ್ಮ ಬಂದಳು. ಬೆಂಚಿನ ತನಕ ಬಂದವಳು ಕೂರದೆ ನಿಂತಿದ್ದಳು.

“ಪಕ್ಕದ ಟೀಮಿನವರು ಕೇಳಿದಾರೆ ಅಕ್ಕ. ಮುಂದಿನ ವರ್ಷಕ್ಕೆ. ನಾನಿನ್ನೂ ಏನೂ ಹೇಳಿಲ್ಲ.”

“ಹೇಳೋದಿದ್ರೆ ಹೇಳಮ್ಮ. ನನ್ನ ಮುಲಾಜಿಗೆ ಮರಳಲ್ಲಿ ಬೀಳ್ಬೇಡ.”

“ಅಲ್ಲಿ ಇಷ್ಟೆಲ್ಲಾ ಕೇಳೋರು ಯಾರಿದಾರೆ. ಒಂದು ಕಂಪ್ಯೂಟರ್ ಇದೆ, ಅದಕ್ಕೆ ವೈರು ಚುಚ್ತಾರೆ ಅಷ್ಟೇ.” ಟೀಚರಮ್ಮ ನಿಟ್ಟುಸಿರು ಬಿಟ್ಟು ಎಂದಿನಂತೆ ಹಲಗೆಯ ನಡುಮಧ್ಯೆ ಧೊಪ್ಪೆಂದು ಕೂತಳು.

ಅಕ್ಕನ ಪಕ್ಕದಲ್ಲಿ ಹಲಗೆಯ ತುದಿಗೆ ಇಟ್ಟಿದ್ದ ಲೋಟದಲ್ಲಿ ಚಹಾ ಒಂದು ಕಡೆಗೆ ವಾಲಿ ಅಂಚಿಗೆ ಬಂದು ನಿಂತಿತು. ಅಕ್ಕ ಚಹಾವನ್ನೇ ನೋಡಿದಳು.

“ಎದ್ದೇಳು,” ಎಂದಳು.

“ಅಯ್ಯೋ, ನಾನಿನ್ನೂ ಹೋಗ್ತೀನಿ ಅಂದೇ ಇಲ್ವಲ್ಲ.”

“ಎದ್ದೇಳು ಸುಮ್ನೆ.”

ಟೀಚರಮ್ಮ ಎದ್ದಳು. ಚಹಾ ಸಮನಾಯಿತು.

“ಕೂತ್ಕೋ.”

ಕೂತಳು. ಚಹಾ ವಾಲಿತು.

“ಇನ್ನೊಂದ್ಸಲ.”

“ಅಕ್ಕ, ನಾನು ದಪ್ಪ ಆಗಿದೀನಿ ಅಂತ ಹೇಳೋದಿದ್ರೆ ಬಾಯಲ್ಲೇ ಹೇಳ್ಬಹುದಿತ್ತು.”

ಅಕ್ಕ ಎದ್ದು ಒಳಗೆ ಹೋದಳು. ಚೌಕಟ್ಟಿನಿಂದ ಚಕ್ರವನ್ನು ಬಿಚ್ಚಿ ಇಳಿಸಿದಳು. ಅದರ ಜಾಗದಲ್ಲಿ ಲೇತ್ ಶಾಪಿನಿಂದ ತಂದಿಟ್ಟಿದ್ದ ದುಂಡನೆಯ ಉಕ್ಕಿನ ತುಂಡನ್ನು ಕೂರಿಸಿದಳು. ಉಕ್ಕು ಈ ಜ್ಯಾಕಿಗೆ ಕುಗ್ಗುವ ವಸ್ತುವಲ್ಲ. ಮುಳ್ಳು ಇದ್ದಲ್ಲೇ ಇರಬೇಕು. ಅವಳು ಜ್ಯಾಕು ಒತ್ತಿದಳು. ಮುಳ್ಳು ಸರಿಯಿತು. ಇನ್ನಷ್ಟು ಒತ್ತಿದಳು. ಇನ್ನಷ್ಟು ಸರಿಯಿತು.

“ಕಬ್ಬಿಣಾನೂ ಮೆತ್ತಗಾಯ್ತಾ?” ಎಂದಳು ಹಿಂದೆಯೇ ಬಂದ ಟೀಚರಮ್ಮ.

“ಅದು ಮೆತ್ತಗಾಗ್ಲಿಲ್ಲ. ಬೆಂಚಿನ ಹಲಗೆ ಥರ ಮೇಲಿನ ಪಟ್ಟಿ ಬಾಗ್ತಿದೆ. ನಾವು ಕಟ್ಟಿದ್ದು.”

ಇಬ್ಬರೂ ತಲೆಯೆತ್ತಿ ಆ ಅಡ್ಡಪಟ್ಟಿಯನ್ನು ನೋಡಿದರು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಗುಜರಿಯ ಕಬ್ಬಿಣ, ಭಾರಕ್ಕೆ ಸದ್ದಿಲ್ಲದೆ ಮೇಲಕ್ಕೆ ಬಿಲ್ಲಿನಂತೆ ಬಾಗುತ್ತಿತ್ತು. ಆ ಬಾಗನ್ನೂ ಅವರು ಟೈರಿನ ಕುಗ್ಗು ಎಂದೇ ಬೀರುವಿನ ತುಂಬ ಬರೆದಿದ್ದರು. ಟೈರು ಅವರು ತಿಳಿದಷ್ಟು ಮೆತ್ತಗಿರಲಿಲ್ಲ. ಮೆತ್ತಗಿದ್ದದ್ದು ಅದನ್ನು ಹಿಡಿದಿದ್ದ ಚೌಕಟ್ಟು.

ಖಾಲಿ ತಟ್ಟೆ ನೋಡದೆ ಯಾವ ತಕ್ಕಡಿಯನ್ನೂ ನಂಬದವನ ಮಗಳು ಈ ತಕ್ಕಡಿಯ ಖಾಲಿ ತಟ್ಟೆ ನೋಡಿರಲಿಲ್ಲ. ಬೇರೆಯವರು ಕಟ್ಟಿದ್ದರೆ ಮೊದಲ ದಿನವೇ ನೋಡುತ್ತಿದ್ದಳು. ಆ ಶನಿವಾರಗಳು ಎಷ್ಟು ಚೆನ್ನಾಗಿದ್ದವೆಂದರೆ, ಅವುಗಳಿಂದ ಹುಟ್ಟಿದ ವಸ್ತುವನ್ನು ಅನುಮಾನಿಸಲು ಅವಳಿಗೆ ಮನಸ್ಸು ಬಂದಿರಲಿಲ್ಲ. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಒದ್ದೆ ಬಟ್ಟೆ ತಂದು ಬೀರುವಿನ ಬಾಗಿಲುಗಳನ್ನು ಒರೆಸಿದಳು. ಟೀಚರಮ್ಮ ಇನ್ನೊಂದು ಬಾಗಿಲು ಒರೆಸಿದಳು.

ಗೇಜನ್ನು ನೆಲದಿಂದ ತೆಗೆದು ಚಕ್ರದ ಅಚ್ಚಿಗೇ ಕಟ್ಟಿದರು. ಈಗ ಪಟ್ಟಿ ಎಷ್ಟಾದರೂ ಬಾಗಲಿ, ಅಚ್ಚಿನಿಂದ ಹಲಗೆಗೆ ಇರುವ ದೂರ ಮಾತ್ರ ಲೆಕ್ಕಕ್ಕೆ. ಮೊದಲು ಉಕ್ಕಿನ ತುಂಡು, ಮುಳ್ಳು ಕದಲಲಿಲ್ಲ. ಆಮೇಲೆ ಟೈರು. ಅಂಕಿಗಳು ಹೊಸದಾಗಿ ಇಳಿದವು. ಟೈರು ಅವರು ಎಣಿಸಿದ್ದಕ್ಕಿಂತ ಕಾಲು ಭಾಗ ಹೆಚ್ಚು ಗಟ್ಟಿಯಾಗಿತ್ತು. ಬೇಕಿದ್ದದ್ದು ಮೆತ್ತನೆಯ ಸ್ಪ್ರಿಂಗು, ಮೊದಲು ಇದ್ದದ್ದಕ್ಕಿಂತಲೂ ಮೆತ್ತಗೆ.

“ರೇಸ್ ಕಾರಾ ಇದು, ತೊಟ್ಟಿಲಾ?” ಎಂದ ಯಜಮಾನ, ಕಾರಿನ ಹಿಂಭಾಗವನ್ನು ಕೈಯಿಂದ ಅಮುಕಿ ನೋಡುತ್ತ.

“ಓಡಿಸೋಳು ನಾನು,” ಎಂದಳು ಟೀಚರಮ್ಮ. “ಜೋಗುಳ ಬೇಕಾದ್ರೆ ಕೇಳ್ತೀನಿ.”

ಕಡೆಯ ರೇಸಿನ ದಿನ ಎಲ್ಲರೂ ಟ್ರ್ಯಾಕಿನ ಬೇಲಿಯ ಬಳಿ ನಿಂತಿದ್ದರು. ಅಕ್ಕ ಬೆಂಚಿನ ಮೇಲೇ ಇದ್ದಳು. ಕಾರುಗಳ ಗುಂಪಿನಲ್ಲಿ ಆ ಒಂದು ಕಾರಿನ ಸದ್ದು ಅವಳಿಗೆ ಗೊತ್ತಿತ್ತು. ಕೊನೆಯ ತಿರುವಿಗೆ ಅದು ಬಂದಾಗಲೆಲ್ಲ ಅವಳು ಹಲಗೆಯ ಅಂಚನ್ನು ಹಿಡಿಯುತ್ತಿದ್ದಳು. ಸದ್ದು ಒಂದೇ ಎಳೆಯಾಗಿ ಬಂತು, ಒಂದೇ ಎಳೆಯಾಗಿ ಹೋಯಿತು. ಪ್ರತಿ ಸುತ್ತಿನಲ್ಲೂ ಹಾಗೇ. ಕೊನೆಗೆ ಅವಳ ಬೆರಳುಗಳು ತಾವಾಗಿ ಸಡಿಲಗೊಂಡವು.

ಎರಡನೇ ಸ್ಥಾನ ಬಂದಿತ್ತು. ಯಜಮಾನ ಬಂದು, “ಸ್ಟೋರಿಗೆ ಬೇರೆ ಯಾರನ್ನಾದ್ರೂ ನೋಡ್ತೀನಮ್ಮ,” ಎಂದು ಮೊದಲ ಸಲ ಅವಳ ಮುಖ ನೋಡಿ ಹೇಳಿ, ನಾಚಿಕೊಂಡವನಂತೆ ಹೊರಟುಹೋದ. ಅಕ್ಕ ಎರಡು ಲೋಟ ಚಹಾ ತಂದಿಟ್ಟುಕೊಂಡು ಕಾದಳು. ಅತ್ತ ಫೋಟೋ, ನಗು, ಚಪ್ಪಾಳೆ. ಟೀಚರಮ್ಮ ಬರುವಷ್ಟರಲ್ಲಿ ಚಹಾದ ಮೇಲೆ ಕೆನೆ ಕಟ್ಟಿತ್ತು. ಅವಳು ಧೊಪ್ಪೆಂದು ಕೂತು ಅಕ್ಕನ ಭುಜಕ್ಕೆ ಒಮ್ಮೆ ತಲೆ ತಾಗಿಸಿದಳು.

“ಆ ಟೀಮಿನವರಿಗೆ ಬರಲ್ಲ ಅಂದೆ,” ಎಂದಳು.

ಅಕ್ಕ ಚಹಾ ಅವಳ ಕೈಗೆ ಕೊಟ್ಟಳು. “ಹೇಳು.”

“ಏನ್ ಹೇಳ್ಲಿ ಅಕ್ಕ. ಏನೂ ಇಲ್ಲ. ಕಾರು ಅಂತ ಒಂದು ಇದೆ ಅನ್ನೋದೇ ಗೊತ್ತಾಗ್ಲಿಲ್ಲ.”

“ಕೊನೇ ತಿರುವು?”

“ನೆಟ್ಟಗೆ.”

“ಹಿಂದಿನ ಚಕ್ರ? ಹೊರಗಡೇದು?”

“ಅದೂ ನೆಟ್ಟಗೆ.”

“ಬ್ರೇಕು ಒತ್ತಿದಾಗ ಮೂಗು?”

“ಎಷ್ಟು ಬೇಕೋ ಅಷ್ಟು.” ಟೀಚರಮ್ಮ ನಕ್ಕಳು. ಕಣ್ಣು ಮುಚ್ಚಲಿಲ್ಲ. ಕೈಗಳು ಮಡಿಲಲ್ಲಿ ಸುಮ್ಮನಿದ್ದವು.

ಅಕ್ಕ ಇನ್ನೊಂದು ಪ್ರಶ್ನೆಗಾಗಿ ಹುಡುಕಿದಳು. ಕಾರಿನ ಒಂದೊಂದು ಭಾಗವನ್ನೂ ಮನಸ್ಸಿನಲ್ಲೇ ಮುಟ್ಟಿ ಬಂದಳು. ಎಲ್ಲವೂ ಸರಿಯಿತ್ತು. ಕೇಳಲು ಏನೂ ಉಳಿದಿರಲಿಲ್ಲ. ಆಗ ಒಂದು ಹೊಳೆಯಿತು.

“ನಿನ್ನ ಮಗಳು ಎಷ್ಟನೇ ಕ್ಲಾಸು?”

ಟೀಚರಮ್ಮ ಸ್ವಲ್ಪ ಆಶ್ಚರ್ಯದಿಂದ ತಿರುಗಿದಳು. “ಎರಡು.”

“ಹೌದಾ. ಚೆನ್ನಾಗಿ ಓದ್ತಾಳಾ?”

“ಹೂಂ, ಓದ್ತಾಳೆ.”

ಅದರ ಮುಂದೆ ಏನು ಕೇಳಬೇಕೆಂದು ಅಕ್ಕನಿಗೆ ತಿಳಿಯಲಿಲ್ಲ. ಟೀಚರಮ್ಮನಿಗೂ ಏನು ಸೇರಿಸಬೇಕೆಂದು ತಿಳಿಯಲಿಲ್ಲ. ಗೋಡೆಯಾಚೆ ಯಾರೋ ಕಸದ ಡಬ್ಬಿ ಎಳೆದುಕೊಂಡು ಹೋದರು. ಫೋನು ಬಂತು. ಗಂಡ ಮತ್ತು ಮಗಳು ಗೇಟಿನ ಬಳಿ ಕಾಯುತ್ತಿದ್ದರು.

“ಒಂದಿನ ಮನೆಗೆ ಬನ್ನಿ ಅಕ್ಕ.”

“ಬರ್ತೀನಮ್ಮ.”

ಟೀಚರಮ್ಮ ಎದ್ದಳು. ಹಲಗೆ ಮೆಲ್ಲಗೆ ಮೇಲಕ್ಕೆ ಬಂತು. ಲೋಟದಲ್ಲಿ ಉಳಿದಿದ್ದ ಚಹಾ ಸಮನಾಗಿ ನಿಂತಿತು.

ಹೊಸ ವರ್ಷದ ಅಭ್ಯಾಸ ಶುರುವಾದಾಗಲೂ ಕಾರು ಹಾಗೆಯೇ ಓಡಿತು. ಟೀಚರಮ್ಮ ಬೆಂಚಿನ ತನಕ ಬಾರದೆ ಬಾಗಿಲಲ್ಲೇ ಇಣುಕಿ, “ಸೂಪರ್ ಅಕ್ಕ, ಏನೂ ಮುಟ್ಬೇಡಿ,” ಎಂದು ಕೈಬೀಸಿ ಹೋಗುತ್ತಿದ್ದಳು. ಅದು ಎಷ್ಟೋ ಜನ ಜೀವಮಾನದಲ್ಲಿ ಕೇಳದ ಹೊಗಳಿಕೆ, ಅಕ್ಕನಿಗೆ ಅದು ಗೊತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ಕಿಡಿ ಮಾವ ಚೌಕಟ್ಟಿನ ಅಡ್ಡಪಟ್ಟಿಗೆ ಇನ್ನೊಂದು ಪಟ್ಟಿ ಸೇರಿಸಿ ಬೆಸೆದ. ಈಗ ಅದು ಯಾವ ಭಾರಕ್ಕೂ ಜಗ್ಗುತ್ತಿರಲಿಲ್ಲ. ಕೆಲಸ ಮುಗಿಸಿ ಹೊರಗೆ ಬಂದು ಬೆಂಚಿನ ಮೇಲೆ ಕೂತು ಬೆವರು ಒರೆಸಿಕೊಂಡ. ಹಲಗೆಯನ್ನು ಒಮ್ಮೆ ಕುಲುಕಿ ನೋಡಿದ.

“ಇದೂ ಜಗ್ಗುತ್ತಲ್ಲೇ. ಒಂದು ಪಟ್ಟಿ ಮಿಕ್ಕಿದೆ. ಕೆಳಗಡೆ ಬಡಿದುಬಿಡ್ಲಾ?”

ಅಕ್ಕ ಗೋಡೆಯ ಕಡೆ ನೋಡುತ್ತಿದ್ದಳು. ಅಲ್ಲಿ ಸದ್ದು ಆಗಷ್ಟೇ ನಿಂತಿತ್ತು.

“ಬೇಡ ಮಾವ,” ಎಂದಳು. “ಅದು ಹಾಗೇ ಇರ್ಲಿ.”